ಒಥೆಲೊ ಹಿತ್ತಾಳೆ ಕಿವಿಯವನೇ?

ಪ್ರಶ್ನೆ: ಶೇಕ್ಸ್‌ಪಿಯರನ ‘ಒಥೆಲೊ’ ನಾಟಕವನ್ನು ಎರಡನೆಯ ಸಲ ಓದಿ ಮುಗಿಸಿದೆ. ಒಂದು ವಿಷಯ ಈಗಲೂ ಗಂಟಲಲ್ಲಿ ಇಳಿಯುತ್ತಿಲ್ಲ. ಎಷ್ಟೋ ಯುದ್ಧ ಕಂಡ ದಂಡನಾಯಕ, ಇಡೀ ವೆನಿಸ್ ನಂಬಿದ ಮನುಷ್ಯ, ಕೈಕೆಳಗಿನ ಇಯಾಗೊ ಆಡಿದ ನಾಲ್ಕು ಮಾತು ಕೇಳಿ, ಒಂದು ಕರವಸ್ತ್ರದ ನೆಪಕ್ಕೆ, ಹೆಂಡತಿ ಡೆಸ್ಡಿಮೋನಾಳನ್ನು ಉಸಿರುಗಟ್ಟಿಸಿ ಕೊಲ್ಲುವುದು ನಂಬುವಂಥದ್ದೇ? ಅವನು ಬರೀ ಹಿತ್ತಾಳೆ ಕಿವಿಯವನೇ, ಅಥವಾ ಮೊದಲಿಂದಲೂ ಒಳಗೆ ಸಂಶಯ ಇಟ್ಟುಕೊಂಡವನೇ? ಇಯಾಗೊ ಇಷ್ಟೆಲ್ಲ ಮಾಡಿದ್ದಾದರೂ ಯಾಕೆ? ಕರವಸ್ತ್ರ ಎತ್ತಿಕೊಟ್ಟ ಅವನ ಹೆಂಡತಿ ಎಮಿಲಿಯಾ ಹೊತ್ತಿಗೆ ಸರಿಯಾಗಿ ಬಾಯಿಬಿಟ್ಟಿದ್ದರೆ ಎಲ್ಲ ತಪ್ಪುತ್ತಿತ್ತಲ್ಲವೇ?

ಉತ್ತರ: ನಿಮ್ಮ ತಕರಾರು ಬಹಳ ಹಳೆಯದು. 1693ರಲ್ಲೇ ಥಾಮಸ್ ರೈಮರ್ ಎಂಬ ಇಂಗ್ಲಿಷ್ ವಿಮರ್ಶಕ, ಒಂದು ಕರವಸ್ತ್ರಕ್ಕೆ ಇಷ್ಟು ರಂಪವೇ, ಇದನ್ನು ‘ಕರವಸ್ತ್ರದ ದುರಂತ’ ಎಂದೇ ಯಾಕೆ ಕರೆಯಲಿಲ್ಲ ಎಂದು ಕೇಳಿದ್ದ. ಆಮೇಲಿನ ವಿಮರ್ಶಕರು ಎರಡು ಬಣವಾದರು. 1904ರಲ್ಲಿ ಎ. ಸಿ. ಬ್ರಾಡ್ಲಿ, ಒಥೆಲೊ ಸ್ವಭಾವತಃ ಸಂಶಯದವನಲ್ಲ, ಇಯಾಗೊನಂಥವನ ಕೈಗೆ ಸಿಕ್ಕರೆ ಯಾರೂ ಮೋಸಹೋಗುತ್ತಿದ್ದರು ಎಂದ. 1937ರಲ್ಲಿ ಎಫ್. ಆರ್. ಲೀವಿಸ್ ಅದನ್ನು ತಿರುಗಿಸಿ ಹಾಕಿ, ದೋಷವೆಲ್ಲ ಒಥೆಲೊನ ಒಳಗೇ ಇತ್ತು, ತನ್ನನ್ನು ತಾನೇ ಮೆಚ್ಚಿಕೊಳ್ಳುವ ಅವನ ಗುಣ ಅವನನ್ನು ಕೆಡವಿತು ಎಂದ. ಇಬ್ಬರಲ್ಲೂ ಅರ್ಧರ್ಧ ಸತ್ಯ ಇದೆ. ನನಗೆ ಮುಖ್ಯವಾಗಿ ಕಾಣುವುದು ಬೇರೆ. ಒಥೆಲೊ ತೀರ್ಪು ಕೊಡುವ ರೀತಿಯಲ್ಲೇ ಒಂದು ದೋಷ ಇದೆ, ಅದು ಮತ್ಸರ ಹುಟ್ಟುವ ಮೊದಲೇ ಎದ್ದು ಕಾಣುತ್ತದೆ. ಇಯಾಗೊ ಅದನ್ನು ಕಣ್ಣಾರೆ ಕಂಡ ಮೇಲೇ ಅವನ ಮೇಲೆ ಕೈ ಹಾಕುವುದು.

ಮೊದಲ ಅಂಕದ ಮೂರನೆಯ ದೃಶ್ಯಕ್ಕೆ ಹಿಂದಿರುಗಿ. ಅದರ ಆರಂಭದ ಸಾಲುಗಳನ್ನು ಹೆಚ್ಚಿನವರು ಅವಸರದಲ್ಲಿ ದಾಟಿಬಿಡುತ್ತಾರೆ. ನಡುರಾತ್ರಿ, ವೆನಿಸ್‌ನ ಡ್ಯೂಕ್ ಸೆನೆಟರುಗಳ ಜೊತೆ ಕೂತಿದ್ದಾನೆ. ಟರ್ಕರ ನೌಕಾಪಡೆಯ ಬಗ್ಗೆ ಸುದ್ದಿ ಬಂದಿದೆ, ಆದರೆ ಒಂದಕ್ಕೊಂದು ತಾಳೆಯಾಗುತ್ತಿಲ್ಲ. ಒಬ್ಬನ ಪತ್ರದಲ್ಲಿ 107 ಹಡಗು, ಡ್ಯೂಕನ ಪತ್ರದಲ್ಲಿ 140, ಮತ್ತೊಬ್ಬನದರಲ್ಲಿ 200. ಲೆಕ್ಕ ಬೇರೆಯಾದರೂ ಮೂರೂ ಪತ್ರ ಸೈಪ್ರಸ್ ಕಡೆಗೇ ಬೆರಳು ತೋರಿಸುತ್ತಿವೆ ಎಂದು ಅವರು ಗಮನಿಸುತ್ತಾರೆ. ಅಷ್ಟರಲ್ಲಿ ಒಬ್ಬ ನಾವಿಕ ಬಂದು, ಇಲ್ಲ, ಟರ್ಕರು ರೋಡ್ಸ್ ದ್ವೀಪದ ಕಡೆ ಹೊರಟಿದ್ದಾರೆ ಎನ್ನುತ್ತಾನೆ. ಆಗ ಒಬ್ಬ ಸೆನೆಟರ್ ಆಡುವ ಮಾತು ಇಡೀ ನಾಟಕಕ್ಕೆ ಸಲ್ಲುವಂಥದ್ದು: ಇದು ಆಗಹೋಗದ ಮಾತು, ನಮ್ಮ ದೃಷ್ಟಿ ತಪ್ಪಿಸಲು ಹೂಡಿದ ಆಟ. ಟರ್ಕರಿಗೆ ಯಾವುದು ಹೆಚ್ಚು ಬೇಕು, ಯಾವುದು ಸುಲಭಕ್ಕೆ ಸಿಗುತ್ತದೆ ಎಂದು ಅವನು ತೂಗಿ ನೋಡುತ್ತಾನೆ. ಸ್ವಲ್ಪ ಹೊತ್ತಿಗೆ ಅವನು ಹೇಳಿದ್ದೇ ನಿಜವಾಗುತ್ತದೆ.

ಅದೇ ಕೋಣೆಗೆ, ಅದೇ ರಾತ್ರಿ, ಡೆಸ್ಡಿಮೋನಾಳ ತಂದೆ ಬ್ರಬಾನ್ಶಿಯೊ ನುಗ್ಗುತ್ತಾನೆ. ತನ್ನ ಮಗಳನ್ನು ಮಾಟಮದ್ದು ಹಾಕಿ ಕದ್ದೊಯ್ದಿದ್ದಾರೆ ಎನ್ನುವುದು ಅವನ ದೂರು. ಡ್ಯೂಕ್ ಮೊದಲು ಆವೇಶದಲ್ಲಿ, ಅಪರಾಧಿ ನನ್ನ ಸ್ವಂತ ಮಗನಾದರೂ ಬಿಡುವುದಿಲ್ಲ ಎನ್ನುತ್ತಾನೆ. ಆರೋಪಿ ಒಥೆಲೊ ಎಂದು ಗೊತ್ತಾದ ಕೂಡಲೇ ಅವನು ಕೇಳುವುದು, ನಿನ್ನ ಕಡೆಯಿಂದ ಏನು ಹೇಳುತ್ತೀಯ ಎಂದು. ಬ್ರಬಾನ್ಶಿಯೊ ಮತ್ತೆ ಅದದೇ ಮಾತು ಆಡಿದಾಗ ಡ್ಯೂಕ್ ತಡೆಯುತ್ತಾನೆ: ಹೀಗೆಂದು ಗಟ್ಟಿಯಾಗಿ ಹೇಳಿದ ಮಾತ್ರಕ್ಕೆ ಅದು ಸಾಕ್ಷ್ಯವಾಗುವುದಿಲ್ಲ. ಆಗ ಒಥೆಲೊ ಕೇಳಿಕೊಳ್ಳುವುದು ಒಂದನ್ನೇ: ಆಕೆಯನ್ನು ಕರೆಸಿ, ಅವಳ ತಂದೆಯ ಎದುರಿಗೇ ಅವಳು ಮಾತಾಡಲಿ, ಅವಳ ಮಾತಿನಿಂದ ನಾನು ತಪ್ಪಿತಸ್ಥ ಎಂದಾದರೆ ನನ್ನ ಪ್ರಾಣ ತೆಗೆಯಿರಿ. ಡೆಸ್ಡಿಮೋನಾಳನ್ನು ಕರೆತರಲು ಹೋಗುವವನು ಇಯಾಗೊ. ಅವಳು ಬಂದು ಮಾತಾಡುತ್ತಾಳೆ, ಆರೋಪ ಬಿದ್ದುಹೋಗುತ್ತದೆ.

ಒಥೆಲೊನ ಗೌರವ, ಮದುವೆ, ಪ್ರಾಣ ಮೂರೂ ಉಳಿದದ್ದು ಎರಡೂ ಕಡೆಯವರನ್ನು ಎದುರು ನಿಲ್ಲಿಸಿ ಕೇಳಿದ್ದರಿಂದ. ಇದನ್ನು ತಲೆಯಲ್ಲಿಟ್ಟುಕೊಂಡು ಮುಂದಕ್ಕೆ ಓದಿ.

ಎರಡನೆಯ ಅಂಕದ ಕುಡಿತದ ಜಗಳ ನೋಡಿ. ಟರ್ಕರನ್ನು ಎದುರಿಸಲು ಸೈಪ್ರಸ್‌ಗೆ ಬಂದಿಳಿದ ರಾತ್ರಿ ಇಯಾಗೊ ಒಥೆಲೊನ ಸಹಾಯಕ ಅಧಿಕಾರಿ ಕ್ಯಾಸಿಯೊಗೆ ಕುಡಿಸುತ್ತಾನೆ, ತನ್ನ ಕೈಗೊಂಬೆ ರೊಡೆರಿಗೊನನ್ನು ಛೂ ಬಿಟ್ಟು ಜಗಳ ತೆಗೆಸುತ್ತಾನೆ, ಸೈಪ್ರಸ್‌ನ ಅಧಿಕಾರಿ ಮೊಂಟಾನೊ ಗಾಯಗೊಳ್ಳುತ್ತಾನೆ. ನಿದ್ದೆಯಿಂದೆದ್ದು ಬಂದ ಒಥೆಲೊ, ನನ್ನ ರಕ್ತ ಕುದಿಯುತ್ತಿದೆ, ವಿವೇಕ ಮಸುಕಾಗುತ್ತಿದೆ ಎಂದು ತಾನೇ ಹೇಳಿಕೊಳ್ಳುತ್ತಾನೆ. ಕ್ಯಾಸಿಯೊಗೆ ನಾಚಿಕೆಯಿಂದ ಬಾಯೇ ಹೊರಡುವುದಿಲ್ಲ. ಇಯಾಗೊ, ಕ್ಯಾಸಿಯೊ ವಿರುದ್ಧ ಮಾತಾಡುವುದಕ್ಕಿಂತ ನಾಲಿಗೆ ಕತ್ತರಿಸಿಕೊಳ್ಳುವುದು ಮೇಲು ಎಂದು ಪೀಠಿಕೆ ಹಾಕಿ ಎಲ್ಲವನ್ನೂ ಹೇಳಿಬಿಡುತ್ತಾನೆ. ಅವನ ಪ್ರಾಮಾಣಿಕತೆಯೇ ಸ್ನೇಹಿತನ ತಪ್ಪನ್ನು ಸಣ್ಣದು ಮಾಡಿ ಹೇಳಿಸುತ್ತಿದೆ ಎಂದುಕೊಂಡು ಒಥೆಲೊ ನಿಂತ ನಿಲುವಿನಲ್ಲೇ ಕ್ಯಾಸಿಯೊನನ್ನು ಹುದ್ದೆಯಿಂದ ತೆಗೆಯುತ್ತಾನೆ. ಒಬ್ಬನೇ ಸಾಕ್ಷಿ, ಮರುಪ್ರಶ್ನೆ ಇಲ್ಲ. ಜಗಳಕ್ಕೆ ಇಳಿದ ಇನ್ನೊಬ್ಬ ಯಾರು, ಎಲ್ಲಿ ಹೋದ ಎಂದು ಹುಡುಕಿಸುವುದೂ ಇಲ್ಲ.

ಇಲ್ಲಿ ಹೆಂಡತಿಯ ಪ್ರಶ್ನೆಯೇ ಇಲ್ಲ, ಮತ್ಸರವೂ ಇಲ್ಲ. ಆದರೂ ಮುಂದೆ ನಡೆಯುವುದೆಲ್ಲ ಇಲ್ಲಿ ಸಣ್ಣದಾಗಿ ನಡೆದುಹೋಗಿದೆ. ಯುದ್ಧಭೂಮಿಯಲ್ಲಿ ತಡಮಾಡುವವನು ಸಾಯುತ್ತಾನೆ. ಕೂಡಲೇ ನಿರ್ಧರಿಸಿ ಆಜ್ಞೆ ಕೊಡುವುದು ಒಥೆಲೊಗೆ ಬದುಕಿಡೀ ಕೈಹಿಡಿದ ಗುಣ. ಮನೆಯೊಳಗಿನ ವಿಷಯಕ್ಕೂ ಅವನು ಅದೇ ಗುಣವನ್ನು ತರುತ್ತಾನೆ. ಮೂರನೆಯ ಅಂಕದಲ್ಲಿ ಅವನೇ ಹೇಳುವುದನ್ನು ಕೇಳಿ: ನೋಡಿದ ಮೇಲೆ ಸಂಶಯ, ಸಂಶಯ ಬಂದರೆ ಸಾಬೀತು, ಸಾಬೀತಾದರೆ ಪ್ರೀತಿಗೋ ಮತ್ಸರಕ್ಕೋ ಒಂದಕ್ಕೆ ಅಲ್ಲೇ ಕೊನೆ. ಸಂಶಯದ ಜೊತೆ ನಾಲ್ಕು ದಿನ ಬದುಕುವುದು ಅವನ ಕೈಲಾಗದು. ತಿಳಿಯದ ಸ್ಥಿತಿಯೇ ಅವನಿಗೆ ತಡೆಯಲಾಗದ ಹಿಂಸೆ. ಈ ಹಿಂಸೆಯಿಂದ ಪಾರಾಗಲು ಅವನು ಯಾವ ತೀರ್ಮಾನಕ್ಕಾದರೂ ಸಿದ್ಧ ಎನ್ನುವುದನ್ನು ಇಯಾಗೊ ಬಲ್ಲ.

ಇನ್ನು ಮೂರನೆಯ ಅಂಕದ ಮೂರನೆಯ ದೃಶ್ಯ. ಹುಳಿ ಹಿಂಡುವ ಕಲೆ ಇಷ್ಟು ಹತ್ತಿರದಿಂದ ಕಾಣುವ ಇನ್ನೊಂದು ದೃಶ್ಯ ನನಗಂತೂ ಗೊತ್ತಿಲ್ಲ. ಇಯಾಗೊ ಇಲ್ಲಿ ಸುಳ್ಳು ಹೇಳುವುದು ಬಹಳ ತಡವಾಗಿ. ಮೊದಲು ಅವನು ಮಾಡುವುದು ಪ್ರಶ್ನೆ ಕೇಳುವುದು, ಅರ್ಧಕ್ಕೆ ನಿಲ್ಲಿಸುವುದು, ಒಥೆಲೊನ ಮಾತನ್ನೇ ಅವನಿಗೆ ತಿರುಗಿಸಿ ಒಪ್ಪಿಸುವುದು. ನೀವು ಆಕೆಯನ್ನು ಒಲಿಸಿಕೊಳ್ಳುವಾಗ ಕ್ಯಾಸಿಯೊಗೆ ಗೊತ್ತಿತ್ತೇ ಎಂದು ಕೇಳುತ್ತಾನೆ. ಗೊತ್ತಿತ್ತು, ಯಾಕೆ? ಏನಿಲ್ಲ, ಸುಮ್ಮನೆ. ಅವನೇ ನಮ್ಮಿಬ್ಬರ ನಡುವೆ ಓಡಾಡುತ್ತಿದ್ದ ಎನ್ನುತ್ತಾನೆ ಒಥೆಲೊ. ಹೌದೇ! ಎನ್ನುತ್ತಾನೆ ಇಯಾಗೊ. ಅಷ್ಟೇ. ಆಗ ಒಥೆಲೊ ತಾನಾಗಿ ಕೇಳುತ್ತಾನೆ, ಅವನು ಪ್ರಾಮಾಣಿಕನಲ್ಲವೇ ಎಂದು. ಗಮನಿಸಿ, ಕ್ಯಾಸಿಯೊನ ಪ್ರಾಮಾಣಿಕತೆಯ ಪ್ರಶ್ನೆಯನ್ನು ಬಾಯಿಬಿಟ್ಟು ಮೊದಲು ಎತ್ತಿದವನು ಇಯಾಗೊ ಅಲ್ಲ. ಒಥೆಲೊ ತನ್ನ ಕೈಯಾರೆ ಖಾಲಿ ಜಾಗ ತುಂಬುತ್ತಾನೆ, ಆದ್ದರಿಂದಲೇ ಅಲ್ಲಿ ಬಂದು ಕೂತದ್ದನ್ನು ತನ್ನದೇ ಯೋಚನೆ ಎಂದು ನಂಬುತ್ತಾನೆ. ಬರೀ ಹಿತ್ತಾಳೆ ಕಿವಿಯವನಾದರೆ ಬೇರೆಯವರು ಹೇಳಿದ್ದನ್ನು ನಂಬುತ್ತಿದ್ದ. ಇವನು ತಾನೇ ಕಟ್ಟಿಕೊಂಡದ್ದನ್ನು ನಂಬುತ್ತಾನೆ. ಅದನ್ನು ಬಿಡಿಸುವುದು ಇನ್ನೂ ಕಷ್ಟ.

ಆಮೇಲೆ ಇಯಾಗೊ ಒಳಗಿನವನ ಅಧಿಕಾರ ಚಲಾಯಿಸುತ್ತಾನೆ. ನಮ್ಮ ಊರಿನ ಹೆಂಗಸರ ರೀತಿ ನನಗೆ ಗೊತ್ತು, ಗಂಡನಿಗೆ ತೋರಿಸದ್ದನ್ನು ದೇವರಿಗೆ ತೋರಿಸಿಯಾರು ಎನ್ನುತ್ತಾನೆ. ಒಥೆಲೊ ಆಫ್ರಿಕಾ ಮೂಲದ, ಕಪ್ಪು ಮೈಬಣ್ಣದ ಮೂರ್ ಜನಾಂಗದವನು. ಅವನು ವೆನಿಸ್‌ಗೆ ಬೇಕಾದವನು, ಆದರೆ ವೆನಿಸ್‌ನವನಲ್ಲ. ಅವನ ಯುದ್ಧದ ಕಥೆ ಕೇಳಲು ಮನೆಗೆ ಕರೆಯುತ್ತಿದ್ದ ಬ್ರಬಾನ್ಶಿಯೊ, ಮಗಳು ಮದುವೆಯಾದ ತಕ್ಷಣ ಅವನನ್ನು ಮಾಂತ್ರಿಕ ಎಂದ. ಹೀಗಿರುವಾಗ ವೆನಿಸ್‌ನ ಹೆಂಗಸರ ವಿಷಯದಲ್ಲಿ ವೆನಿಸ್‌ನವನೊಬ್ಬ ಆಡಿದ ಮಾತಿಗೆ ಒಥೆಲೊನಲ್ಲಿ ಎದುರುತ್ತರ ಇಲ್ಲ. ಹೌದೇ, ಹಾಗೆನ್ನುತ್ತೀಯಾ ಎಂದಷ್ಟೇ ಕೇಳುತ್ತಾನೆ. ಮುಂದಿನ ಏಟು, ನಿಮ್ಮನ್ನು ಮದುವೆಯಾಗುವಾಗ ಆಕೆ ತಂದೆಯನ್ನೇ ವಂಚಿಸಿದಳಲ್ಲ ಎನ್ನುವುದು. ಇದು ಬ್ರಬಾನ್ಶಿಯೊ ಸೆನೆಟ್‌ನಿಂದ ಹೊರಡುವಾಗ ಎಸೆದು ಹೋದ ಮಾತು. ಅಂದು ಒಥೆಲೊ ಅವಳ ನಿಷ್ಠೆಗೆ ತನ್ನ ಪ್ರಾಣವನ್ನೇ ಪಣವಿಟ್ಟು, ಅದೇ ಉಸಿರಿನಲ್ಲಿ ಅವಳನ್ನು ಇಯಾಗೊನ ಸುಪರ್ದಿಗೆ ಒಪ್ಪಿಸಿದ್ದ.

ನನ್ನ ಮಟ್ಟಿಗೆ ಇಡೀ ನಾಟಕ ತಿರುಗುವ ಜಾಗ ಇದರ ಬೆನ್ನಿಗೇ ಬರುತ್ತದೆ. ಒಥೆಲೊ ಒಂದು ವಾಕ್ಯ ಶುರುಮಾಡುತ್ತಾನೆ: ಆದರೂ ಪ್ರಕೃತಿ ತನ್ನ ದಾರಿ ತಪ್ಪಿ... ಅಷ್ಟಕ್ಕೇ ಇಯಾಗೊ, ಅದೇ ಅದೇ, ವಿಷಯ ಇರುವುದೇ ಅಲ್ಲಿ ಎಂದು ಹಿಡಿದುಕೊಂಡು, ತನ್ನ ನಾಡು, ತನ್ನ ಬಣ್ಣ, ತನ್ನ ಅಂತಸ್ತಿನ ವರಗಳನ್ನೆಲ್ಲ ಬಿಟ್ಟ ಹೆಣ್ಣಿನ ಮನಸ್ಸಿನಲ್ಲಿ ಏನೋ ವಿಕಾರ ಇರಲೇಬೇಕು ಎಂದು ಮುಗಿಸುತ್ತಾನೆ. ನನ್ನ ಮಗಳ ಸಹಜಪ್ರಕೃತಿ ಇಷ್ಟು ದಾರಿ ತಪ್ಪಲು ಸಾಧ್ಯವೇ ಇಲ್ಲ, ಇದು ಮಾಟವೇ ಸರಿ ಎಂಬುದು ಸೆನೆಟ್‌ನಲ್ಲಿ ಬ್ರಬಾನ್ಶಿಯೊ ಮಂಡಿಸಿದ ವಾದ. ಡ್ಯೂಕ್ ತಳ್ಳಿಹಾಕಿದ ಆ ವಾದ ಈಗ ಒಥೆಲೊನ ಬಾಯಲ್ಲೇ ಹುಟ್ಟುತ್ತಿದೆ. ತನ್ನನ್ನು ಪ್ರೀತಿಸಿದ್ದೇ ಅವಳ ಚಾಂಚಲ್ಯಕ್ಕೆ ಪುರಾವೆ ಎಂದು ಅವನು ಒಪ್ಪಿಬಿಡುತ್ತಾನೆ. ಸ್ವಲ್ಪ ಹೊತ್ತಿನಲ್ಲೇ, ನಾನು ಕಪ್ಪಗಿದ್ದೇನೆಂದೋ, ನಯವಾಗಿ ಮಾತಾಡಲು ಬಾರದೆಂದೋ, ವಯಸ್ಸು ಇಳಿಯುತ್ತಿದೆ ಎಂದೋ ಎಂದು ಲೆಕ್ಕಹಾಕತೊಡಗುತ್ತಾನೆ. ಇಲ್ಲಿ ನನಗೆ ಅವನ ಮೇಲೆ ಕೋಪಕ್ಕಿಂತ ಸಂಕಟ ಹೆಚ್ಚು. ಸುತ್ತಲಿನ ಸಮಾಜ ಅವನ ಬಗ್ಗೆ ಪಿಸುಗುಟ್ಟುತ್ತಿದ್ದುದನ್ನು ಅವನು ತನ್ನ ಬಗ್ಗೆ ತಾನೇ ನಂಬಿದ ಕ್ಷಣ ಅದು.

ಕಣ್ಣಿಗೆ ಕಾಣುವ ಸಾಕ್ಷಿ ಕೊಡು ಎಂದು ಅವನು ಇಯಾಗೊನ ಕತ್ತುಪಟ್ಟಿ ಹಿಡಿಯುತ್ತಾನಲ್ಲ, ಅದನ್ನು ನೋಡಿ ವಿವೇಕ ಇನ್ನೂ ಬದುಕಿದೆ ಎನಿಸಬಹುದು. ಆದರೆ ಅವನಿಗೆ ಸಿಗುವುದು ಏನು? ಕ್ಯಾಸಿಯೊ ನಿದ್ದೆಯಲ್ಲಿ ಏನೋ ಬಡಬಡಿಸಿದ ಎಂಬ ಕಥೆ, ಅವನು ಡೆಸ್ಡಿಮೋನಾಳ ಕರವಸ್ತ್ರದಿಂದ ಗಡ್ಡ ಒರೆಸಿಕೊಂಡದ್ದನ್ನು ಕಂಡೆ ಎಂಬ ಮಾತು. ಎರಡಕ್ಕೂ ಸಾಕ್ಷಿ ಇಯಾಗೊ ಒಬ್ಬನೇ. ಅಷ್ಟಕ್ಕೇ ರಕ್ತ, ರಕ್ತ ಎಂದು ಕೂಗಿ, ಮಂಡಿಯೂರಿ ಪ್ರತಿಜ್ಞೆ ಮಾಡಿ, ಮೂರು ದಿನದೊಳಗೆ ಕ್ಯಾಸಿಯೊ ಸತ್ತ ಸುದ್ದಿ ಬರಬೇಕು ಎಂದು ಆಜ್ಞಾಪಿಸುತ್ತಾನೆ. ಶಿಕ್ಷೆ ಇಲ್ಲೇ ನಿಗದಿಯಾಯಿತು. ಅವನು ಮರೆಯಲ್ಲಿ ನಿಂತು ಕಣ್ಣಾರೆ ನೋಡುವುದು ನಾಲ್ಕನೆಯ ಅಂಕದಲ್ಲಿ, ತೀರ್ಪಿನ ಆಮೇಲೆ. ಅಲ್ಲಿ ಕ್ಯಾಸಿಯೊ ನಗುತ್ತಿರುವುದು ತನ್ನ ಗೆಳತಿ ಬಿಯಾಂಕಾಳ ವಿಷಯಕ್ಕೆ, ಒಥೆಲೊ ಪ್ರತಿಯೊಂದು ನಗುವನ್ನೂ ಡೆಸ್ಡಿಮೋನಾಳ ಲೆಕ್ಕಕ್ಕೆ ಬರೆದುಕೊಳ್ಳುತ್ತಾನೆ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬ ಗಾದೆ ನಮ್ಮಲ್ಲಿದೆ. ಒಥೆಲೊಗೆ ಪ್ರತ್ಯಕ್ಷ ಕಾಣುವುದೂ ಮೊದಲೇ ಮುಗಿದ ತೀರ್ಪಿನ ಬಣ್ಣದಲ್ಲಿ.

ಸರಳ ಲೆಕ್ಕವೊಂದು ಸಾಕಿತ್ತು. ಮದುವೆಯ ರಾತ್ರಿಯೇ ಒಥೆಲೊಗೆ ಹೊರಡುವ ಅಪ್ಪಣೆಯಾಯಿತು. ಸೈಪ್ರಸ್‌ಗೆ ಕ್ಯಾಸಿಯೊ ಬಂದದ್ದು ಒಂದು ಹಡಗಿನಲ್ಲಿ, ಡೆಸ್ಡಿಮೋನಾ ಇಯಾಗೊ ಜೊತೆ ಇನ್ನೊಂದರಲ್ಲಿ, ಒಥೆಲೊ ಮತ್ತೊಂದರಲ್ಲಿ. ರಂಗದ ಮೇಲಿನ ಗಡಿಯಾರ ನಂಬಿದರೆ ಬಂದಿಳಿದ ಮಾರನೆಯ ರಾತ್ರಿಯೇ ಕೊಲೆ. (ಬಿಯಾಂಕಾ ಮಾತ್ರ ಕ್ಯಾಸಿಯೊ ಒಂದು ವಾರದಿಂದ ತನ್ನ ಕಡೆ ಸುಳಿದಿಲ್ಲ ಎನ್ನುತ್ತಾಳೆ. ಈ ಎರಡು ಕಾಲಮಾನಗಳ ತಕರಾರು ವಿಮರ್ಶಕರಲ್ಲಿ ಇನ್ನೂ ನಡೆದೇ ಇದೆ.) ಅಂದರೆ ಅವರಿಬ್ಬರೂ ಯಾವಾಗ, ಎಲ್ಲಿ ಕೂಡಿದರು? ಹಡಗುಗಳ ಲೆಕ್ಕವನ್ನು ಮೂರು ಪತ್ರ ಇಟ್ಟುಕೊಂಡು ತಾಳೆ ನೋಡಿದ ಸೆನೆಟ್‌ನ ದಂಡನಾಯಕ ಈ ಪ್ರಶ್ನೆಯನ್ನು ಒಂದೇ ಒಂದು ಸಲವೂ ಕೇಳಿಕೊಳ್ಳುವುದಿಲ್ಲ.

ವಿಚಾರಣೆ ಎಂಬುದು ನಡೆಯುವುದೇ ಇಲ್ಲವೇ? ನಡೆಯುತ್ತದೆ, ಎಮಿಲಿಯಾಳ ಎದುರು, ನಾಲ್ಕನೆಯ ಅಂಕದಲ್ಲಿ. ಅವರಿಬ್ಬರೂ ಪಿಸುಗುಟ್ಟಿದ್ದುಂಟೇ, ನಿನ್ನನ್ನು ಯಾವಾಗಲಾದರೂ ಹೊರಗೆ ಕಳಿಸಿದ್ದುಂಟೇ ಎಂದು ಒಥೆಲೊ ಕೇಳುತ್ತಾನೆ. ಸರಿಯಾದ ಪ್ರಶ್ನೆಗಳೇ. ಯಾವತ್ತೂ ಇಲ್ಲ, ಆಕೆ ಪರಿಶುದ್ಧಳು ಎಂದು ನನ್ನ ಆತ್ಮವನ್ನೇ ಪಣವಿಡುತ್ತೇನೆ ಎನ್ನುತ್ತಾಳೆ ಎಮಿಲಿಯಾ. ಅವಳು ಆಚೆ ಹೋಗುತ್ತಲೇ, ಇಂಥ ಕೆಲಸಕ್ಕೆ ಇಟ್ಟುಕೊಂಡವಳು ಇನ್ನೇನು ಹೇಳಿಯಾಳು ಎಂದು ಅವನು ಆ ಸಾಕ್ಷ್ಯವನ್ನು ಕಸಕ್ಕೆ ಹಾಕುತ್ತಾನೆ. ವಿರುದ್ಧ ಹೇಳಿದರೆ ಅಪರಾಧ ಸಾಬೀತು, ಪರವಾಗಿ ಹೇಳಿದರೆ ಅವಳೂ ಪಾಲುದಾರಳು.

ಕೊನೆಯ ಅಂಕದ ಮಲಗುವ ಕೋಣೆಯಲ್ಲಿ ಡೆಸ್ಡಿಮೋನಾ ಏನು ಕೇಳುತ್ತಾಳೆ ನೋಡಿ. ಕರವಸ್ತ್ರ ನಾನು ಕೊಡಲಿಲ್ಲ, ಕ್ಯಾಸಿಯೊಗೆ ಎಲ್ಲೋ ಸಿಕ್ಕಿರಬೇಕು, ಅವನನ್ನು ಇಲ್ಲಿಗೆ ಕರೆಸಿ, ನಿಜ ಹೇಳಲಿ. ಆಕೆಯನ್ನು ಕರೆಸಿ ಎಂದು ಅಂದು ಒಥೆಲೊ ಸೆನೆಟ್‌ನಲ್ಲಿ ಕೇಳಿಕೊಂಡದ್ದೂ ಇದನ್ನೇ. ಅವನಿಗೆ ಸಿಕ್ಕಿತು, ಇವಳಿಗೆ ಸಿಗಲಿಲ್ಲ. ಕ್ಯಾಸಿಯೊ ಒಪ್ಪಿಕೊಂಡಾಗಿದೆ, ಅವನ ಬಾಯಿ ಮುಚ್ಚಿಸಿಯಾಗಿದೆ ಎನ್ನುತ್ತಾನೆ ಒಥೆಲೊ. ಕ್ಯಾಸಿಯೊ ಒಪ್ಪಿಕೊಂಡೂ ಇಲ್ಲ, ಸತ್ತೂ ಇಲ್ಲ. ನಾಳೆ ಕೊಲ್ಲಿ, ಈ ರಾತ್ರಿ ಬದುಕಲು ಬಿಡಿ, ಅರ್ಧ ಗಂಟೆಯಾದರೂ ಕೊಡಿ ಎಂದು ಅವಳು ಬೇಡುತ್ತಾಳೆ. ಅರ್ಧ ಗಂಟೆ ಸಿಕ್ಕಿದ್ದರೆ ಅವಳು ಉಳಿಯುತ್ತಿದ್ದಳು, ಏಕೆಂದರೆ ಕೊಲೆಯ ಬೆನ್ನಿಗೇ ಎಮಿಲಿಯಾ ಬಾಗಿಲು ತಟ್ಟುತ್ತಾಳೆ. ಹಾಸಿಗೆಯ ಬಳಿ ನಿಂತ ಒಥೆಲೊ ತನ್ನನ್ನು ನ್ಯಾಯದೇವತೆ ಎಂದೇ ತಿಳಿದಿದ್ದಾನೆ. ಅವಳ ಉಸಿರಿನ ಪರಿಮಳ ನ್ಯಾಯದ ಕತ್ತಿಯನ್ನೇ ಮುರಿಸುವಂತಿದೆ ಎನ್ನುತ್ತಾನೆ, ಇವಳು ಸಾಯದಿದ್ದರೆ ಇನ್ನಷ್ಟು ಗಂಡಸರನ್ನು ವಂಚಿಸುತ್ತಾಳೆ ಎನ್ನುತ್ತಾನೆ. ಹೊಟ್ಟೆಕಿಚ್ಚು ಹೊಟ್ಟೆಕಿಚ್ಚಾಗಿಯೇ ಉಳಿದಿದ್ದರೆ ಎಲ್ಲೋ ಒಂದು ಕಡೆ ನಾಚಿಕೆ ತಡೆಯುತ್ತಿತ್ತೇನೋ. ನ್ಯಾಯದ ವೇಷ ತೊಟ್ಟ ಮೇಲೆ ಅದಕ್ಕೆ ತಡೆಯೇ ಇಲ್ಲ.

ಇಯಾಗೊ ಯಾಕೆ ಹೀಗೆ ಮಾಡಿದ ಎಂಬುದಕ್ಕೆ ಅವನೇ ಹಲವು ಕಾರಣ ಕೊಡುತ್ತಾನೆ. ಬಡ್ತಿ ಕ್ಯಾಸಿಯೊಗೆ ಹೋಯಿತು, ಇಯಾಗೊನ ಹೆಂಡತಿ ಎಮಿಲಿಯಾಳ ಜೊತೆ ಒಥೆಲೊ ಮಲಗಿದ ಎಂಬ ಗಾಳಿಮಾತಿದೆ, ಕ್ಯಾಸಿಯೊ ಮೇಲೂ ಅದೇ ಗುಮಾನಿ. ಕಾರಣವೇ ಇಲ್ಲದ ಕೇಡಿಗತನ ಕಾರಣಗಳನ್ನು ಬೇಟೆಯಾಡುತ್ತಿದೆ ಎಂದ ಇಂಗ್ಲಿಷ್ ಕವಿ ಕೋಲ್‌ರಿಜ್‌ನ ಮಾತು ಪ್ರಸಿದ್ಧ. ನನಗೆ ಅದಕ್ಕಿಂತ ಮುಖ್ಯ ಎನಿಸುವುದು ಮೊದಲ ಅಂಕದ ಕೊನೆಯ ಸ್ವಗತ. ಅದು ನಿಜವೋ ಅಲ್ಲವೋ ನನಗೆ ಗೊತ್ತಿಲ್ಲ, ಆದರೆ ಬರೀ ಗುಮಾನಿ ಇದ್ದರೂ ಖಚಿತ ಎಂಬಂತೆ ನಡೆಯುತ್ತೇನೆ ಎನ್ನುತ್ತಾನೆ ಅವನು. ಒಥೆಲೊಗೆ ಅವನು ದಾಟಿಸುವುದು ಈ ಕ್ರಮವನ್ನೇ. ಸಂಶಯಪಡುವ ಗಂಡ ಅವನೂ ಹೌದು. ಆ ಸಂಶಯ ಒಳಗೊಳಗೇ ವಿಷದಂತೆ ತನ್ನನ್ನು ಕೊರೆಯುತ್ತಿದೆ ಎಂದು ಅವನೇ ಹೇಳಿಕೊಂಡಿದ್ದಾನೆ. ಶೇಕ್ಸ್‌ಪಿಯರ್ ಈ ಕಥೆ ಎತ್ತಿಕೊಂಡದ್ದು 1565ರಲ್ಲಿ ಅಚ್ಚಾದ ಇಟಲಿಯ ಚಿಂಥಿಯೊನ ಕಥಾಸಂಗ್ರಹದಿಂದ. ಅಲ್ಲಿ ಇಯಾಗೊನ ಜಾಗದಲ್ಲಿರುವ ಧ್ವಜಧಾರಿ ಡಿಸ್ಡಿಮೋನಾಳನ್ನು ಬಯಸಿ ಸಿಗದೆ ಸೇಡು ತೀರಿಸಿಕೊಳ್ಳುತ್ತಾನೆ. ಅಷ್ಟು ಸಲೀಸಾದ ಕಾರಣವನ್ನು ಶೇಕ್ಸ್‌ಪಿಯರ್ ಬೇಕೆಂದೇ ಕೈಬಿಟ್ಟ. ಹಾಗೆಯೇ ಇಯಾಗೊನನ್ನು ಸರ್ವಶಕ್ತ ಎಂದೂ ಭಾವಿಸಬೇಡಿ. ಒಥೆಲೊ ಮರೆಯಲ್ಲಿ ನಿಂತು ನೋಡುವ ಹೊತ್ತಿಗೇ ಬಿಯಾಂಕಾ ಕರವಸ್ತ್ರ ಹಿಡಿದು ಬಂದದ್ದು ಬರೀ ಅದೃಷ್ಟ. ಒಥೆಲೊ ಮತ್ತು ಕ್ಯಾಸಿಯೊ ಎದುರೆದುರು ಕೂತು ಮಾತಾಡಿದರೆ ತನ್ನ ಕಥೆ ಮುಗಿಯಿತು ಎಂಬ ಭಯ ಐದನೆಯ ಅಂಕದಲ್ಲಿ ಅವನ ಬಾಯಲ್ಲೇ ಬರುತ್ತದೆ.

ಎಮಿಲಿಯಾಳ ವಿಷಯದಲ್ಲಿ ನೀವು ಹೇಳುವುದು ಸರಿ. ಚಿಂಥಿಯೊ ಕಥೆಯಲ್ಲಿ ಕರವಸ್ತ್ರವನ್ನು ಕದಿಯುವವನು ಧ್ವಜಧಾರಿಯೇ. ಅದನ್ನು ಎಮಿಲಿಯಾಳ ಕೈಗೆ ಹಾಕಿದವನು ಶೇಕ್ಸ್‌ಪಿಯರ್. ಒಥೆಲೊ ತಲೆನೋವು ಎಂದಾಗ ಡೆಸ್ಡಿಮೋನಾ ಅದನ್ನು ಅವನ ಹಣೆಗೆ ಕಟ್ಟಲು ಹೋಗುತ್ತಾಳೆ, ಇದು ತೀರ ಚಿಕ್ಕದು ಎಂದು ಅವನೇ ದೂಡುತ್ತಾನೆ, ಅದು ನೆಲಕ್ಕೆ ಬೀಳುತ್ತದೆ, ಹೋಗಲಿ ಬಿಡು ಎನ್ನುವವನೂ ಅವನೇ. ಎಮಿಲಿಯಾ ಎತ್ತಿಕೊಳ್ಳುತ್ತಾಳೆ, ಗಂಡ ನೂರು ಸಲ ಕೇಳಿದ್ದಾನೆ, ಯಾಕೋ ಗೊತ್ತಿಲ್ಲ, ಅವನ ಮನಸ್ಸಂತೋಷಕ್ಕೆ ಎಂದು. ಕರವಸ್ತ್ರ ಎಲ್ಲಿ ಹೋಯಿತೋ ಎಂದು ಒಡತಿ ಕಳವಳಪಟ್ಟಾಗ, ನನಗೆ ಗೊತ್ತಿಲ್ಲ ಎನ್ನುತ್ತಾಳೆ. ಈ ಒಂದು ಸುಳ್ಳಿಗೆ ಕ್ಷಮೆ ಇಲ್ಲ, ನಾಟಕವೂ ಕ್ಷಮಿಸುವುದಿಲ್ಲ. ಆದರೆ ಅವಳ ಬುದ್ಧಿ ಎಲ್ಲಿಗೆ ಹೋಗಿ ನಿಲ್ಲುತ್ತದೆ ನೋಡಿ. ಯಾರೋ ನೀಚ ಹುದ್ದೆಗಾಗಿ ಈ ಅಪವಾದ ಹುಟ್ಟಿಸಿದ್ದಾನೆ, ಅಲ್ಲವಾದರೆ ನನ್ನನ್ನು ಗಲ್ಲಿಗೇರಿಸಿ ಎಂದು ಗಂಡನ ಎದುರಿಗೇ ಹೇಳುತ್ತಾಳೆ. ಎಲ್ಲವನ್ನೂ ಸರಿಯಾಗಿ ಊಹಿಸಿದ್ದಾಳೆ, ಆ ನೀಚ ಯಾರೆಂಬುದೊಂದನ್ನು ಬಿಟ್ಟು. ಗಂಡನ ಮೇಲೆ ನಂಬಿಕೆ ಇಟ್ಟೋ, ಅವನಿಗೆ ಮಣಿದು ಮಣಿದು ರೂಢಿಯಾಗಿಯೋ, ಅವಳ ಕಣ್ಣು ಅಲ್ಲಿಗೆ ಬಂದು ಹಿಂದಕ್ಕೆ ತಿರುಗುತ್ತದೆ. ಕೊನೆಯಲ್ಲಿ ಒಥೆಲೊ, ನಿನ್ನ ಗಂಡನಿಗೆ ಎಲ್ಲ ಗೊತ್ತಿತ್ತು ಎಂದಾಗ ಅವಳು ಮತ್ತೆ ಮತ್ತೆ ಕೇಳುವುದು, ನನ್ನ ಗಂಡನೇ, ನನ್ನ ಗಂಡನೇ ಎಂದು. ಗಂಡನ ಮಾತು ಕೇಳುವುದು ನನ್ನ ಧರ್ಮ, ಆದರೆ ಈಗ ಅಲ್ಲ ಎಂದು ಕತ್ತಿಯ ಎದುರು ನಿಂತು ಸತ್ಯ ಹೇಳಿ ಸಾಯುತ್ತಾಳೆ. ತನ್ನ ತಪ್ಪಿಗೆ ಅವಳು ಕೊಟ್ಟ ಬೆಲೆಯನ್ನು ಕಂಡಮೇಲೆ ನನಗೆ ಅವಳನ್ನು ಒಥೆಲೊನ ಪಕ್ಕದಲ್ಲಿ ನಿಲ್ಲಿಸಿ ದೂರಲು ಮನಸ್ಸು ಬರುವುದಿಲ್ಲ.

ನೀವು ಕೇಳದ ಒಂದು ಮಾತನ್ನೂ ಸೇರಿಸುತ್ತೇನೆ. ಸತ್ಯ ತಿಳಿದ ಮೇಲೆ ಒಥೆಲೊ ಆಡುವ ಕೊನೆಯ ಭಾಷಣವನ್ನು ಹಲವರು ಅವನ ಘನತೆ ಮರಳಿ ಬಂದ ಗಳಿಗೆ ಎಂದು ಓದುತ್ತಾರೆ. ಕವಿ ಟಿ. ಎಸ್. ಎಲಿಯಟ್ 1927ರಲ್ಲಿ, ಅವನು ತನಗೆ ತಾನೇ ಧೈರ್ಯ ಹೇಳಿಕೊಳ್ಳುತ್ತಿದ್ದಾನೆ ಅಷ್ಟೇ ಎಂದ. ನಾನು ಗಮನಿಸಬೇಕು ಎನ್ನುವುದು ಅದರ ಮುಂಚಿನ ನಾಲ್ಕು ಸಾಲು. ವೆನಿಸ್‌ನಿಂದ ಬಂದ ಲೊಡೊವಿಕೊ ಅವನಿಗೆ ಹೇಳುತ್ತಾನೆ: ನಿನ್ನ ಅಧಿಕಾರ ಕೊನೆಗೊಂಡಿದೆ, ನಿನ್ನ ಅಪರಾಧದ ಸ್ವರೂಪ ವೆನಿಸ್ ರಾಜ್ಯಕ್ಕೆ ತಿಳಿಯುವವರೆಗೆ ನೀನು ಸೆರೆಯಾಳು. ಅಂದರೆ ಅವನಿಗೆ ಇನ್ನೊಂದು ವಿಚಾರಣೆ ಕಾದಿದೆ, ಹಿಂದೆ ಅವನ ಮಾತು ಕೇಳಿದ ಅದೇ ರಾಜ್ಯದ ಮುಂದೆ. ಒಥೆಲೊ ಅಲ್ಲಿಯವರೆಗೆ ಕಾಯುವುದಿಲ್ಲ. ಸುಲಭಕ್ಕೆ ಸಂಶಯಪಡದ, ಆದರೆ ಕೆರಳಿಸಿದಾಗ ದಿಕ್ಕುಗೆಟ್ಟ ಮನುಷ್ಯ ಎಂದು ತನ್ನ ಬಗ್ಗೆ ಬರೆಯಬೇಕಾದ ವರದಿಯನ್ನು ಅವನೇ ಹೇಳಿಕೊಡುತ್ತಾನೆ. ಹಿಂದೊಮ್ಮೆ ಅಲೆಪ್ಪೊದಲ್ಲಿ ವೆನಿಸ್‌ನವನನ್ನು ಹೊಡೆದ ಟರ್ಕಿಯವನ ಕತ್ತು ಹಿಡಿದು ಹೀಗೆ ಇರಿದೆ ಎನ್ನುತ್ತಾ ತನ್ನನ್ನೇ ಇರಿದುಕೊಳ್ಳುತ್ತಾನೆ. ಆರೋಪಿ, ಸಾಕ್ಷಿ, ನ್ಯಾಯಾಧೀಶ, ಕೊಲೆಗಾರ ಎಲ್ಲ ಅವನೇ, ಈ ಸಲವೂ ಯಾರಿಗೂ ಪ್ರಶ್ನೆ ಕೇಳಲು ಅವನು ಹೊತ್ತು ಕೊಡಲಿಲ್ಲ.